ವೇದದಲ್ಲಿ ಬೆಳಕಿನ ವೇಗ ಹೇಳಿದೆ ಅಂತಾರೆ, ನಿಜವೇ?

ಇಲ್ಲ. ಇದಕ್ಕೆ ಆಧಾರ ಅಂತ ತೋರಿಸುವ ಸಂಖ್ಯೆ ಋಗ್ವೇದದ ಮಂತ್ರದಲ್ಲೇ ಇಲ್ಲ. ವಿಜಯನಗರದ ಬುಕ್ಕರಾಯನ ಕಾಲದಲ್ಲಿದ್ದ ಸಾಯಣಾಚಾರ್ಯರು 14ನೇ ಶತಮಾನದಲ್ಲಿ ಬರೆದ ಭಾಷ್ಯದಲ್ಲಿದೆ. ಅದು ಸೂರ್ಯನಿಗೆ ಮಾಡಿದ ನಮಸ್ಕಾರ: ಅರ್ಧ ನಿಮಿಷದಲ್ಲಿ 2,202 ಯೋಜನ ಸಾಗುವವನೇ, ನಿನಗೆ ವಂದನೆ. ಇಲ್ಲಿ ‘ನಿಮಿಷ’ ಅಂದರೆ ನಮ್ಮ 60 ಸೆಕೆಂಡ್ ಅಲ್ಲ, ಒಮ್ಮೆ ಕಣ್ಣು ಮಿಟುಕಿಸುವಷ್ಟು ಹೊತ್ತು.

ಗಡಿಬಿಡಿ ಇರೋದು ಅಳತೆಯಲ್ಲಿ. ಯೋಜನ ಎಷ್ಟು ದೂರ ಅನ್ನೋದು ಗ್ರಂಥದಿಂದ ಗ್ರಂಥಕ್ಕೆ ಬದಲಾಗುತ್ತದೆ. ಅರ್ಧ ನಿಮಿಷವನ್ನು ಸುಮಾರು 0.107 ಸೆಕೆಂಡ್ ಎಂದಿಟ್ಟುಕೊಳ್ಳಿ. ಯೋಜನಕ್ಕೆ 14.5 ಕಿ.ಮೀ. ಹಿಡಿದರೆ ಸೆಕೆಂಡಿಗೆ ಹೆಚ್ಚುಕಮ್ಮಿ 3 ಲಕ್ಷ ಕಿ.ಮೀ. ಬರುತ್ತದೆ, ಬೆಳಕಿನ ವೇಗದಷ್ಟೇ! ಆದರೆ 8 ಕಿ.ಮೀ. ಹಿಡಿದರೆ ಬರೋದು ಸುಮಾರು 1.65 ಲಕ್ಷ. ಉತ್ತರ ಮೊದಲೇ ಗೊತ್ತಿದ್ದಾಗ ಅದಕ್ಕೆ ಹೊಂದುವ ಅಳತೆ ಆರಿಸೋದು ಸುಲಭ, ಅಲ್ವಾ? ಜೊತೆಗೆ ಶ್ಲೋಕ ಸೂರ್ಯನನ್ನೇ ‘ಸಾಗುವವನು’ ಅನ್ನುತ್ತದೆ, ಬೆಳಕನ್ನಲ್ಲ. ಹಾಗಂತ ಸಾಯಣರ ಪಾಂಡಿತ್ಯವೇನೂ ಕಮ್ಮಿಯಾಗಲ್ಲ.

ಬೆಳಕಿಗೂ ಸಮಯ ಬೇಕು ಅಂತ ಆಕಾಶ ನೋಡಿ ತೋರಿಸಿದ್ದು 1676ರಲ್ಲಿ, ಡೆನ್ಮಾರ್ಕಿನ ಖಗೋಳ ವಿಜ್ಞಾನಿ ಓಲೆ ರೋಮರ್. ಭೂಮಿ ಗುರುಗ್ರಹದಿಂದ ದೂರ ಸರಿಯುತ್ತಿದ್ದಾಗ, ಅದರ ಉಪಗ್ರಹ ಅಯೋದ ಗ್ರಹಣಗಳು ಲೆಕ್ಕಕ್ಕಿಂತ ತಡವಾಗಿ ಕಾಣುತ್ತಿದ್ದವು. ಬೆಳಕು ಜಾಸ್ತಿ ದೂರ ಬರಬೇಕಾಗಿದ್ದೇ ಆ ತಡಕ್ಕೆ ಕಾರಣ.