ಒಂದೇ ಲಾಂಗ್‌ಬೋರ್ಡಿನಲ್ಲಿ ಓಡಾಟ, ಸ್ಲೈಡ್ ಎರಡೂ: ಯಾವ ಭಾಗಕ್ಕೆ ಹಣ ಹಾಕಬೇಕು?

ನಿಮ್ಮ ಪ್ರಶ್ನೆ ಓದಿದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಮನೆಯಿಂದ ಬಾರ್ಟ್ ರೈಲು ನಿಲ್ದಾಣಕ್ಕೆ ದಿನವೂ ಲಾಂಗ್‌ಬೋರ್ಡಿನ (ಉದ್ದನೆಯ ಸ್ಕೇಟ್‌ಬೋರ್ಡಿನ) ಮೇಲೆ ಹೋಗಬೇಕು, ವಾರಾಂತ್ಯದಲ್ಲಿ ಗುಡ್ಡದ ಇಳಿಜಾರಿನಲ್ಲಿ ಸ್ಲೈಡ್ (ಬೋರ್ಡನ್ನು ಅಡ್ಡ ತಿರುಗಿಸಿ ಜಾರಿಸುವುದು) ಕಲಿಯಬೇಕು, ತೂಕ 72 ಕಿಲೋ, ಎರಡು ಬೋರ್ಡ್ ಕೊಳ್ಳುವಷ್ಟು ಹಣವಿಲ್ಲ ಎಂದಿದ್ದೀರಿ. ನಿಮಗೆ ಉತ್ತರಿಸಿದವರಲ್ಲಿ ಒಬ್ಬರು 42 ಇಂಚಿನ ಪಿನ್‌ಟೇಲ್ (ತುದಿ ಕಿರಿದಾದ ಹಲಗೆ) ತೆಗೆದುಕೊಳ್ಳಿ ಎಂದಿದ್ದಾರೆ, ಇನ್ನೊಬ್ಬರು ‘ಅಬೆಕ್ 11’ ಬೇರಿಂಗ್ (ಚಕ್ರವನ್ನು ಸಲೀಸಾಗಿ ತಿರುಗಿಸುವ ಗುಂಡುಗಳ ಬಳೆ) ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದಿದ್ದಾರೆ. ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ.

ನಿಮಗೆ ಒಂದೇ ಡೆಕ್ (ನಿಲ್ಲುವ ಹಲಗೆ), ಒಂದೇ ಜೊತೆ ಟ್ರಕ್ (ಹಲಗೆಗೆ ಚಕ್ರಗಳನ್ನು ಜೋಡಿಸುವ ಲೋಹದ ಭಾಗ) ಸಾಕು. ಚಕ್ರ ಮಾತ್ರ ಎರಡು ಸೆಟ್ ಇರಲಿ, ಟ್ರಕ್ಕಿನೊಳಗಿನ ಬುಶಿಂಗ್ ನಿಮ್ಮ ತೂಕಕ್ಕೆ ಹೊಂದುವಂಥದ್ದಿರಲಿ. ಬೋರ್ಡ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಇವೆರಡೇ. ಆದರೂ ಹೊಸಬರು ಡೆಕ್ಕಿನ ಚಿತ್ರ ನೋಡಿ ಹಣವನ್ನೆಲ್ಲ ಅದಕ್ಕೇ ಸುರಿದುಬಿಡುತ್ತಾರೆ.

ಮೊದಲು ಚಕ್ರ. ನಿಲ್ದಾಣದ ದಾರಿಯಲ್ಲಿ ಒರಟು ಡಾಂಬರು, ಕಾಂಕ್ರೀಟಿನ ಬಿರುಕು, ಮರದ ಬೇರು ಎತ್ತಿಹಾಕಿದ ಚಪ್ಪಡಿ ಎಲ್ಲವೂ ಸಿಗುತ್ತವೆ. ಅದಕ್ಕೆ 75 ಮಿಲಿಮೀಟರ್ ವ್ಯಾಸದ, 78ಎ ಅಥವಾ 80ಎ ಗಡಸುತನದ ಚಕ್ರ ಹಾಕಿ. ಈ ಅಂಕಿ ಇಳಿದಷ್ಟೂ ಚಕ್ರದ ಯುರಿಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಮೆದು. ಮೆದು ಚಕ್ರ ಸಣ್ಣ ಕಲ್ಲು, ಬಿರುಕುಗಳ ಹೊಡೆತವನ್ನು ಪಾದದವರೆಗೆ ಬಿಡುವುದಿಲ್ಲ. ವ್ಯಾಸ ದೊಡ್ಡದಾದಷ್ಟೂ ಒಮ್ಮೆ ತಳ್ಳಿದ ವೇಗ ಹೆಚ್ಚು ದೂರ ಉಳಿಯುತ್ತದೆ. ಆದರೆ ಇದೇ ಚಕ್ರವನ್ನು ಅಡ್ಡ ತಿರುಗಿಸಿ ಜಾರಿಸಲು ಹೋದರೆ ಅದು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ. ಬೋರ್ಡ್ ಗಕ್ಕನೆ ನಿಲ್ಲುತ್ತದೆ, ನೀವು ಮುಂದಕ್ಕೆ ಎಗರಿ ಬೀಳುತ್ತೀರಿ.

ಸ್ಲೈಡಿಗೆ 70 ಮಿಲಿಮೀಟರ್, 83ಎಯಿಂದ 86ಎ ನಡುವಿನ, ಅಂಚು ದುಂಡಗಿರುವ ಚಕ್ರ ಬೇಕು. ದುಂಡಂಚಿನ ಚಕ್ರ ಹಿಡಿತವನ್ನು ನಿಧಾನವಾಗಿ ಬಿಡುತ್ತದೆ, ನಿಧಾನವಾಗಿಯೇ ಮತ್ತೆ ಹಿಡಿಯುತ್ತದೆ. ಚೂಪು ಅಂಚಿನದು ಕೊನೆಯ ಗಳಿಗೆಯವರೆಗೂ ಹಿಡಿದು ಒಮ್ಮೆಲೇ ಕೈಬಿಡುತ್ತದೆ, ಕಲಿಯುವವರಿಗೆ ಅದು ಬೇಡ. ಹೊಳಪಿನ ಪದರವನ್ನು ಕಾರ್ಖಾನೆಯಲ್ಲೇ ಉಜ್ಜಿ ತೆಗೆದ ಚಕ್ರ ಕೊಂಡರೆ ಮೊದಲ ದಿನದಿಂದಲೇ ಸಮವಾಗಿ ಜಾರುತ್ತದೆ. ಒರಾಂಗಟ್ಯಾಂಗ್ ಕಂಪನಿಯ ಸ್ಟಿಮ್ಯುಲಸ್ ಇಂಥ ಚಕ್ರ. ಆ ಕಂಪನಿಯಲ್ಲಿ ಬಣ್ಣ ನೋಡಿಯೇ ಗಡಸುತನ ಹೇಳಬಹುದು: ಕಿತ್ತಳೆ 80ಎ, ನೇರಳೆ 83ಎ, ಹಳದಿ 86ಎ. ನೀವು ನೇರಳೆಯಿಂದ ಆರಂಭಿಸಿ. ಬೇರಿಂಗ್ ಕೂರುವ ಕೋರ್ ಚಕ್ರದ ನಟ್ಟನಡುವೆ ಇದೆಯೇ ಎಂದೂ ನೋಡಿಕೊಳ್ಳಿ. ಹಾಗಿದ್ದರೆ ಒಳಬದಿಯನ್ನು ಹೊರಬದಿಗೆ ತಿರುಗಿಸಿ ಹಾಕಬಹುದು, ಸವೆತ ಸಮನಾಗಿ ಚಕ್ರ ಹೆಚ್ಚು ಕಾಲ ಬಾಳುತ್ತದೆ.

ಸ್ಲೈಡ್ ಮಾಡುವಾಗ ಬೋರ್ಡನ್ನು ಪೂರ್ತಿ 90 ಡಿಗ್ರಿಗೆ ತಿರುಗಿಸಿ ಅಲ್ಲೇ ತಡೆದು ನಿಲ್ಲಿಸಿದರೆ ಚಕ್ರ ಉರುಳದೆ ಒಂದೇ ಜಾಗದಲ್ಲಿ ಸವೆಯುತ್ತದೆ. ಮನೆಗೆ ಮರಳುವಾಗ ನಯವಾದ ರಸ್ತೆಯಲ್ಲೂ ಟಕಟಕ ಸದ್ದು ಬಂದರೆ, ಅಂಗಾಲಿಗೆ ನಡುಕ ತಟ್ಟಿದರೆ ಅದೇ ಕಾರಣ. ಚಕ್ರವನ್ನು ಬಿಚ್ಚಿ ಹೆಬ್ಬೆರಳಿನಿಂದ ಸುತ್ತ ಸವರಿ, ಚಪ್ಪಟೆಯಾದ ಜಾಗ ಬೆರಳಿಗೆ ತಾನೇ ಸಿಗುತ್ತದೆ. ಸಣ್ಣದಿದ್ದರೆ ಮುಂದಿನ ಸ್ಲೈಡುಗಳಲ್ಲಿ ಸವೆದು ಹೋಗುತ್ತದೆ.

ಇನ್ನು ಬುಶಿಂಗ್. ಟ್ರಕ್ಕಿನ ಕಿಂಗ್‌ಪಿನ್ ಎಂಬ ಬೋಲ್ಟಿನ ಸುತ್ತ ಕೂರುವ ಎರಡು ಯುರಿಥೇನ್ ತುಂಡುಗಳಿವು. ನೀವು ವಾಲಿದಾಗ ಒತ್ತಿಕೊಂಡು, ಮತ್ತೆ ಬೋರ್ಡನ್ನು ನೆಟ್ಟಗೆ ತರುವುದು ಇವುಗಳ ಕೆಲಸ. ಟ್ರಕ್ಕಿನ ಜೊತೆ ಬರುವ ಬುಶಿಂಗ್ ನಿಮ್ಮ ತೂಕ ನೋಡಿ ಮಾಡಿದ್ದಲ್ಲ. ನಿಮ್ಮ 72 ಕಿಲೋಗೆ ಡೆಕ್ಕಿನ ಬದಿಯಲ್ಲಿ 90ಎ ಬ್ಯಾರೆಲ್ (ಪೀಪಾಯಿ ಆಕಾರದ್ದು), ರಸ್ತೆಯ ಬದಿಯಲ್ಲಿ 87ಎ ಬ್ಯಾರೆಲ್ ಹಾಕಿ ಸ್ಲೈಡ್ ಆರಂಭಿಸಿ. ವಾರದ ದಿನಗಳಲ್ಲಿ ತಿರುವು ಇನ್ನಷ್ಟು ಸಲೀಸಾಗಬೇಕು ಎನಿಸಿದರೆ ರಸ್ತೆಯ ಬದಿಯದನ್ನು ಮಾತ್ರ ತೆಗೆದು ಅಲ್ಲಿ 85ಎ ಕೋನ್ (ಶಂಕು ಆಕಾರದ್ದು) ಹಾಕಿ. ಬೋರ್ಡಿನ ಉಳಿದ ಭಾಗಗಳಿಗೆ ಹೋಲಿಸಿದರೆ ಬುಶಿಂಗ್ ಬಲು ಅಗ್ಗ, ಎರಡು ಮೂರು ಬಗೆ ಇಟ್ಟುಕೊಂಡು ಹೋಲಿಸಿ ನೋಡುವುದೇ ಸರಿಯಾದ ದಾರಿ.

ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ: ಬೋರ್ಡ್ ಅಲುಗುತ್ತದೆ ಎಂದು ಕಿಂಗ್‌ಪಿನ್ ನಟ್ಟನ್ನು ಬಿಗಿಯುತ್ತಾ ಹೋಗುವುದು. ವಾಷರ್ ಬೆರಳಿಗೆ ತಿರುಗದಷ್ಟು ಬಿಗಿಯಾದ ಮೇಲೆ ಅರ್ಧ ಸುತ್ತು ಸಾಕು. ಬೋರ್ಡನ್ನು ತಿರುವಿ ಹಾಕಿ ನೋಡಿ. ಯುರಿಥೇನ್ ವಾಷರಿನ ಅಂಚು ದಾಟಿ ಹೊರಗೆ ಉಬ್ಬಿದ್ದರೆ ಬಿಗಿತ ಅತಿಯಾಗಿದೆ ಎಂದರ್ಥ, ಒಂದು ಹಂತ ಗಡಸಾದ ಬುಶಿಂಗ್ ತನ್ನಿ. ವೇಗದಲ್ಲಿ ಬೋರ್ಡ್ ಅತ್ತಿತ್ತ ಅದುರಲು ಶುರುಮಾಡಿದರೆ ಭಾರವನ್ನು ಮುಂದಿನ ಪಾದಕ್ಕೆ ಹಾಕಿ, ಹಿಂದಿನ ಟ್ರಕ್ಕಿಗೆ ದಿಕ್ಕು ಬದಲಿಸಲು ಅವಕಾಶ ಕೊಡಬೇಡಿ.

ಟ್ರಕ್ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಕಿಂಗ್‌ಪಿನ್ ಹೊರಮುಖವಾಗಿರುವ ರಿವರ್ಸ್ ಕಿಂಗ್‌ಪಿನ್ ಟ್ರಕ್, ಸುಮಾರು 180 ಮಿಲಿಮೀಟರ್ ಹ್ಯಾಂಗರ್ (ಚಕ್ರದ ಅಚ್ಚನ್ನು ಹಿಡಿಯುವ ಭಾಗ), 50 ಡಿಗ್ರಿ ಕೋನ. ಪ್ಯಾರಿಸ್ ಕಂಪನಿಯದು ಕೊಂಡರೆ ಬುಶಿಂಗಿನ ಸುತ್ತ ಜಾಗ ಹೆಚ್ಚು, ತಿರುವು ಸಡಿಲ. ಕ್ಯಾಲಿಬರ್ ಕಂಪನಿಯದು ಕೊಂಡರೆ ಆ ಜಾಗ ಇಕ್ಕಟ್ಟು, ವಾಲುವಿಕೆ ಹೆಚ್ಚು ಹಿಡಿತದಲ್ಲಿರುತ್ತದೆ. ನಿಮ್ಮ ಬಳಕೆಗೆ ಎರಡೂ ಆಗುತ್ತವೆ, ಎರಕ ಹೊಯ್ದ ಸಾಮಾನ್ಯ ಟ್ರಕ್ಕೇ ಸಾಕು. ಯಂತ್ರದಲ್ಲಿ ಕಡೆದ ದುಬಾರಿ ಟ್ರಕ್ಕಿನ ಕಡೆ ಈಗಲೇ ನೋಡಬೇಡಿ.

ಡೆಕ್ಕಿನ ಬಗ್ಗೆ ಹೇಳುವುದಾದರೆ, ಪಿನ್‌ಟೇಲ್ ಚೆಂದದ ಹಲಗೆ, ಸಮುದ್ರದಂಡೆಯ ರಸ್ತೆಯಲ್ಲಿ ಅಡ್ಡಾಡಲು ಹೇಳಿ ಮಾಡಿಸಿದ್ದು. ಆದರೆ ಟ್ರಕ್ಕಿನ ಮೇಲೆ ಎತ್ತರದಲ್ಲಿ ಕೂರುತ್ತದೆ, ತುದಿಗಳು ಕಿರಿದು, ಹೆಚ್ಚಿನವುಗಳ ಮೇಲ್ಮೈ ಚಪ್ಪಟೆ. ಸ್ಲೈಡಿನಲ್ಲಿ ಪಾದಕ್ಕೆ ಒತ್ತು ಕೊಡಲು ಏನೂ ಸಿಗುವುದಿಲ್ಲ. ನೀವು ಡ್ರಾಪ್‌ಥ್ರೂ ಡೆಕ್ (ಟ್ರಕ್ ಹಲಗೆಯ ಕಿಂಡಿಯ ಮೂಲಕ ಕೂರುವಂಥದ್ದು) ನೋಡಿ: ಉದ್ದ 36ರಿಂದ 40 ಇಂಚು, ಅಗಲ 9 ಇಂಚಿನ ಮೇಲೆ, ಅಂಚುಗಳು ಸ್ಪಷ್ಟವಾಗಿ ಮೇಲೆದ್ದಿರಬೇಕು. ತಗ್ಗಾಗಿರುವುದರಿಂದ ತಳ್ಳುವಾಗ ನಿಂತ ಕಾಲಿನ ಮಂಡಿ ಕಡಿಮೆ ಬಾಗುತ್ತದೆ, ದಿನವೂ ಓಡಾಡುವವರಿಗೆ ಇದು ದೊಡ್ಡ ಲಾಭ. ವ್ಯಾಂಕೂವರಿನ ಲ್ಯಾಂಡ್‌ಯಾಟ್ಸ್ ಕಂಪನಿಯ ಡ್ರಾಪ್ ಹ್ಯಾಮರ್ ಈ ಬಗೆಯದು. ಅವರದೇ ಸ್ವಿಚ್‌ಬ್ಲೇಡ್ ಇನ್ನೂ ತಗ್ಗು, ಸ್ಲೈಡ್ ಕಲಿಯಲು ಅದಕ್ಕಿಂತ ಸುಲಭದ್ದು ಕಡಿಮೆ, ಆದರೆ ಎತ್ತರದ ಚಪ್ಪಡಿಗಳಿಗೆ ಹೊಟ್ಟೆ ಉಜ್ಜುತ್ತದೆ. ತುಂಬಾ ಬಳುಕುವ ಹಲಗೆ ಬೇಡ, ಸ್ಲೈಡಿನ ನಡುವೆ ಅದು ಚಿಮ್ಮಿದರೆ ಹಿಡಿತ ತಪ್ಪುತ್ತದೆ.

75 ಮಿಲಿಮೀಟರ್ ಚಕ್ರ ಹಾಕಿದ ದಿನ ಒಂದು ಪರೀಕ್ಷೆ ಮಾಡಿ. ಚಕ್ರಗಳಿಗೆ ಸೀಮೆಸುಣ್ಣ ಬಳಿದು, ಬೋರ್ಡನ್ನು ಹುಲ್ಲಿನ ಮೇಲಿಟ್ಟು, ನಿಂತು ಎರಡೂ ಬದಿಗೆ ಪೂರ್ತಿ ವಾಲಿ. ಡೆಕ್ಕಿನ ಅಡಿಯಲ್ಲಿ ಸುಣ್ಣದ ಗುರುತು ಬಿದ್ದರೆ ತಿರುವಿನಲ್ಲಿ ಚಕ್ರ ತಾಗಿ ನಿಂತುಬಿಡುವ ಅಪಾಯವಿದೆ. ಆಗ ಚಿಕ್ಕ ಚಕ್ರ ಹಾಕಬೇಕು ಇಲ್ಲವೇ ಬುಶಿಂಗ್ ಗಡಸು ಮಾಡಬೇಕು.

ಬೇರಿಂಗ್: ಅಬೆಕ್ ಎನ್ನುವುದು ತಯಾರಿಕೆಯ ನಿಖರತೆಯ ದರ್ಜೆ. ಅದು 1, 3, 5, 7, 9ಕ್ಕೆ ಮುಗಿಯುತ್ತದೆ. ‘ಅಬೆಕ್ 11’ ಹೆಸರಿನ ಒಂದು ಚಕ್ರದ ಕಂಪನಿ ಇದೆಯೇ ಹೊರತು 11 ಎಂಬ ದರ್ಜೆ ಇಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲೂ 70 ಮಿಲಿಮೀಟರ್ ಚಕ್ರ ತಿರುಗುವುದು ನಿಮಿಷಕ್ಕೆ ಸುಮಾರು 3,000 ಸುತ್ತು, ಅಷ್ಟಕ್ಕೆ ಮೇಲಿನ ದರ್ಜೆಯಿಂದ ಏನೂ ಹೆಚ್ಚಿನ ಉಪಯೋಗವಿಲ್ಲ. ಬೋನ್ಸ್ ರೆಡ್ಸ್‌ನಂಥ ಸಾಧಾರಣ ಬೇರಿಂಗ್ ಎರಡು ಸೆಟ್ ಕೊಂಡು ಎರಡೂ ಸೆಟ್ ಚಕ್ರಗಳಿಗೆ ಹಾಕಿಡಿ, ಶನಿವಾರ ಬೆಳಿಗ್ಗೆ ನಾಲ್ಕು ನಟ್ಟು ಬಿಚ್ಚಿದರೆ ಕೆಲಸ ಮುಗಿಯಿತು. 13 ಮಿಲಿಮೀಟರ್ ಸ್ಪ್ಯಾನರ್ ಆ ನಟ್ಟಿಗೆ ಸರಿಹೊಂದುತ್ತದೆ. ಎರಡು ಬೇರಿಂಗುಗಳ ನಡುವೆ ಸ್ಪೇಸರ್ (ಅಂತರ ಕಾಯುವ ಸಣ್ಣ ಕೊಳವೆ) ಮರೆಯಬೇಡಿ. ಅದಿಲ್ಲದೆ ಜಾರಿಸಿದರೆ ಅಡ್ಡ ಒತ್ತಡಕ್ಕೆ ಬೇರಿಂಗ್ ಓರೆಯಾಗಿ ಬೇಗ ಹಾಳಾಗುತ್ತದೆ.

ಬೆಂಗಳೂರಿನಿಂದ ಓದುತ್ತಿರುವವರು ಓಡಾಟದ ಚಕ್ರವನ್ನು 80 ಮಿಲಿಮೀಟರ್‌ವರೆಗೂ ಯೋಚಿಸಬಹುದು. ಧೂಳು, ಜಲ್ಲಿಕಲ್ಲು ಇರುವ ರಸ್ತೆಗೆ ಅದೇ ಲೇಸು. ಡೆಕ್ಕಿನಲ್ಲಿ ಅಷ್ಟು ಜಾಗ ಇದೆಯೇ ಎಂದು ಸುಣ್ಣದ ಪರೀಕ್ಷೆ ಮಾಡಿಕೊಳ್ಳಿ.

ಕೊನೆಗೆ, ಬಜೆಟ್ಟಿನಲ್ಲಿ ಮೊದಲು ತೆಗೆದಿಡಬೇಕಾದ ಹಣ: ಹೆಲ್ಮೆಟ್, ಮಂಡಿ ಪ್ಯಾಡ್, ಅಂಗೈಯಲ್ಲಿ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಇರುವ ಕೈಗವಸು. ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು 18 ತುಂಬದವರಿಗೆ ಮಾತ್ರ ಹೆಲ್ಮೆಟ್ ಕಡ್ಡಾಯ ಮಾಡಿದೆ, ನೀವು ಅದನ್ನು ನೆಪ ಮಾಡಿಕೊಳ್ಳಬೇಡಿ. ಕೈಗವಸಿನ ಕೈಯನ್ನು ನೆಲಕ್ಕೆ ಊರಿ ಮಾಡುವ ಕೋಲ್ಮನ್ ಸ್ಲೈಡಿಗೆ ಹೆಸರು ಕೊಟ್ಟ ಕ್ಲಿಫ್ ಕೋಲ್ಮನ್ ನಿಮ್ಮೂರು ಬರ್ಕ್ಲಿಯ ಗುಡ್ಡಗಳಲ್ಲೇ ಸ್ಕೇಟ್ ಮಾಡಿದವರು. ನೀವೂ ಮೊದಲು ಅದನ್ನೇ ಕಲಿಯಿರಿ, ಅದಕ್ಕೂ ಮುಂಚೆ ಕಾಲಿನ ಬ್ರೇಕ್ ಸರಿಯಾಗಿ ಬರಲಿ.

ಅಂಗಡಿಗೆ ಹೋದಾಗ ದಿನವೂ ಹಾಕುವ ಶೂ ಹಾಕಿಕೊಂಡು ಡೆಕ್ ಮೇಲೆ ನಿಂತು ನೋಡಿ. ಎರಡು ಮಾದರಿ ಮನಸ್ಸಿಗೆ ಬಂದರೆ ಅವುಗಳ ಅಗಲ ಮತ್ತು ಟ್ರಕ್ಕಿನಿಂದ ಟ್ರಕ್ಕಿಗಿರುವ ಅಂತರವನ್ನು ಇಲ್ಲಿ ಬರೆಯಿರಿ, ಯಾವುದು ಹೊಂದುತ್ತದೆ ಎಂದು ನೋಡಿ ಹೇಳುತ್ತೇನೆ.