ಓದುಗರ ಪ್ರಶ್ನೆ: ಲಿನಕ್ಸ್‌ನಲ್ಲಿ ವೈ-ಫೈ ಏಕೆ ಕಾಣುತ್ತಿಲ್ಲ?

ಪ್ರಶ್ನೆ: ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದೇನೆ. ಪರದೆ, ಧ್ವನಿ, ಕೀಲಿಮಣೆ ಎಲ್ಲವೂ ತಾವಾಗಿಯೇ ಕೆಲಸ ಮಾಡುತ್ತಿವೆ. ವೈ-ಫೈ ಮಾತ್ರ ಕಾಣಿಸುತ್ತಲೇ ಇಲ್ಲ. ವಿಂಡೋಸ್ ಇದ್ದಾಗ ಈ ತೊಂದರೆ ಇರಲಿಲ್ಲ. ಇದು ಲಿನಕ್ಸ್‌ನ ಕೊರತೆಯೇ?
– ಓದುಗರು, ಶಿರಸಿ

ಉತ್ತರ: ಪರದೆ ಮತ್ತು ಧ್ವನಿ ತಾವಾಗಿಯೇ ಬಂದವು ಎಂದಿರಿ. ಅದಕ್ಕೆ ಕಾರಣ, ಲಿನಕ್ಸ್‌ನ ಬಹುಪಾಲು ಡ್ರೈವರುಗಳು (ಯಂತ್ರದ ಬಿಡಿಭಾಗಗಳನ್ನು ನಡೆಸುವ ತಂತ್ರಾಂಶಗಳು) ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ಆಕರ ಸಂಕೇತದ ಭಾಗವಾಗಿಯೇ ಇದ್ದು, ಅದರೊಂದಿಗೇ ತಿದ್ದುಪಡಿಯಾಗುತ್ತಾ ನಿಮ್ಮ ಯಂತ್ರವನ್ನು ತಲುಪುತ್ತವೆ. ಆದರೆ ಡ್ರೈವರ್ ಬರೆಯುವವರಿಗೆ ಚಿಪ್ ಒಳಗೆ ಹೇಗೆ ನಡೆದುಕೊಳ್ಳುತ್ತದೆ ಎಂಬ ವಿವರ ಬೇಕು. ತಯಾರಕರು ಅದನ್ನು ಕೊಡದಿದ್ದರೆ ಹೊರಗಿನಿಂದ ಗಮನಿಸಿ, ಬಿಡಿಸಿ ತಿಳಿಯಬೇಕಾಗುತ್ತದೆ. ಬ್ರಾಡ್‌ಕಾಮ್ ಕಂಪನಿಯ ವೈ-ಫೈ ಚಿಪ್‌ಗಳಿಗೆ ‘ಬಿ43’ ಎಂಬ ಡ್ರೈವರನ್ನು ಸ್ವಯಂಸೇವಕರು ರೂಪಿಸಿದ್ದು ಹೀಗೆಯೇ, ಮತ್ತು ಆ ತಾಳ್ಮೆಗೆ ನಾವೆಲ್ಲರೂ ಋಣಿಗಳು. 2010ರ ಸೆಪ್ಟೆಂಬರಿನಲ್ಲಿ ಕಂಪನಿಯೇ ಮುಕ್ತ (ಆಕರ ಸಂಕೇತ ಎಲ್ಲರಿಗೂ ಸಿಗುವ) ಡ್ರೈವರೊಂದನ್ನು ಹೊರತಂದರೂ ಅದು ಎಲ್ಲ ಚಿಪ್‌ಗಳನ್ನು ಒಳಗೊಳ್ಳಲಿಲ್ಲ. ಕೆಲವಕ್ಕೆ ಇಂದಿಗೂ ‘ಡಬ್ಲ್ಯುಎಲ್’ ಎಂಬ ಮುಚ್ಚಿದ ಡ್ರೈವರೇ ಗತಿ. ಆದ್ದರಿಂದ ಇದನ್ನು ಲಿನಕ್ಸ್‌ನ ಕೊರತೆ ಎನ್ನುವುದಕ್ಕಿಂತ ಮಾಹಿತಿಯ ಕೊರತೆ ಎನ್ನುವುದು ನ್ಯಾಯ.

ನಿಮ್ಮ ಚಿಪ್ ಯಾವುದೆಂದು ತಿಳಿಯಲು, ಟರ್ಮಿನಲ್‌ನಲ್ಲಿ (ಆದೇಶಗಳನ್ನು ಬರೆದು ಕೊಡುವ ಕಿಟಕಿಯಲ್ಲಿ) ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ (lspci -nnk) ಎಂಬ ಆದೇಶವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಕೊಡಿ. ನೆಟ್‌ವರ್ಕ್ ಸಾಧನದ ಸಾಲಿನಲ್ಲಿ ಚೌಕ ಆವರಣದೊಳಗೆ, ನಡುವೆ ವಿಸರ್ಗದಂಥ ಚಿಹ್ನೆಯಿರುವ, ನಾಲ್ಕು ನಾಲ್ಕು ಅಂಕಿ-ಅಕ್ಷರಗಳ ಗುರುತು ಇರುತ್ತದೆ. ಮೊದಲ ನಾಲ್ಕು ತಯಾರಕರದು: 8086 ಎಂದರೆ ಇಂಟೆಲ್, 14ಇ4 ಎಂದರೆ ಬ್ರಾಡ್‌ಕಾಮ್. ಅದರ ಕೆಳಗೆ ಬಳಕೆಯಲ್ಲಿರುವ ಡ್ರೈವರಿನ ಹೆಸರೇ ಇಲ್ಲದಿದ್ದರೆ ಡ್ರೈವರ್ ಸಿಕ್ಕಿಲ್ಲವೆಂದು ಅರ್ಥ. ಹೆಸರಿದ್ದೂ ವೈ-ಫೈ ಬಾರದಿದ್ದರೆ ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೇ ಓಡುವ ಪುಟ್ಟ ತಂತ್ರಾಂಶ, ಸಿಕ್ಕಿಲ್ಲದಿರಬಹುದು. ಡ್ರೈವರ್ ಮುಕ್ತವಾಗಿದ್ದರೂ ಫರ್ಮ್‌ವೇರ್ ಬಹುಮಟ್ಟಿಗೆ ಮುಚ್ಚಿದ್ದೇ. ಮುಕ್ತತೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟಾದ ಡೆಬಿಯನ್ (ಲಿನಕ್ಸ್‌ನ ಇನ್ನೊಂದು ಆವೃತ್ತಿ) ಬಳಗವೂ 2022ರಲ್ಲಿ ಮತ ಹಾಕಿ, 2023ರ ಡೆಬಿಯನ್ 12ರಿಂದ ಅದನ್ನು ಅಧಿಕೃತ ಅನುಸ್ಥಾಪನಾ ಪ್ರತಿಯಲ್ಲೇ ಸೇರಿಸಿತು. ಬಳಕೆದಾರರ ದೃಷ್ಟಿಯಿಂದ ಇದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ.

ಮಿಂಟ್‌ನಲ್ಲಿ ‘ಡ್ರೈವರ್ ಮ್ಯಾನೇಜರ್’ ತೆರೆಯಿರಿ. ಅಂತರಜಾಲವಿಲ್ಲದೆ ಡ್ರೈವರ್ ಇಳಿಸುವುದು ಹೇಗೆಂದು ಚಿಂತಿಸಬೇಡಿ. ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ (ಮೊಬೈಲಿನ ಅಂತರಜಾಲವನ್ನು ಕಂಪ್ಯೂಟರಿಗೆ ಹಂಚುವ ಸೌಲಭ್ಯ) ಚಾಲೂ ಮಾಡಿದರೆ ಸಂಪರ್ಕ ದೊರೆಯುತ್ತದೆ. ಹೀಗೆ ಹೊರಗಿನಿಂದ ಸೇರಿಸಿದ ಡ್ರೈವರನ್ನು ಕರ್ನಲ್ ಬದಲಾದಾಗಲೆಲ್ಲ ಮರಳಿ ಕಟ್ಟಬೇಕು. ‘ಡಿಕೆಎಂಎಸ್’ ಎಂಬ ವ್ಯವಸ್ಥೆ ಅದನ್ನು ತಾನಾಗಿ ಮಾಡುತ್ತದಾದರೂ, ಕರ್ನಲ್‌ನ ಆಂತರಿಕ ರಚನೆ ಬದಲಾಗುತ್ತಲೇ ಇರುವುದರಿಂದ ಒಮ್ಮೊಮ್ಮೆ ಸೋಲುತ್ತದೆ. ಆಗ ಮರಳಲು ಬೇಕಾಗುವ ಹಳೆಯ ಕರ್ನಲನ್ನು ಅಳಿಸದೆ ಉಳಿಸಿಕೊಳ್ಳಿ. ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶವನ್ನಷ್ಟೇ ಓಡಲು ಬಿಡುವ ಸುರಕ್ಷಾ ವ್ಯವಸ್ಥೆ) ಚಾಲೂ ಇದ್ದರೆ ಡ್ರೈವರಿಗೆ ಡಿಜಿಟಲ್ ಸಹಿಯೂ ಬೇಕಾಗುತ್ತದೆ. ಮರುಚಾಲನೆಯ ಹೊತ್ತಿಗೆ ನೀಲಿ ಪರದೆಯಲ್ಲಿ ಗುಪ್ತಪದ ಕೇಳಿದರೆ ಗಾಬರಿಯಾಗದೆ, ಅನುಸ್ಥಾಪನೆಯ ವೇಳೆ ನೀವೇ ಕೊಟ್ಟ ಪದವನ್ನು ನಮೂದಿಸಿ.

ಪ್ರಶ್ನೆ: ಲಿನಕ್ಸ್‌ಗೆ ಹೊಂದುವ ಪ್ರಿಂಟರ್ ಆಯ್ದುಕೊಳ್ಳುವುದು ಹೇಗೆ?
– ಶಾಲಾ ಶಿಕ್ಷಕಿ, ಹಾಸನ

ಉತ್ತರ: ‘ಐಪಿಪಿ ಎವ್ರಿವೇರ್’ ಅಥವಾ ‘ಏರ್‌ಪ್ರಿಂಟ್’ ಎಂದು ನಮೂದಿಸಿರುವುದನ್ನು ಆರಿಸಿ. ಇವು ಪ್ರತ್ಯೇಕ ಡ್ರೈವರ್ ಇಲ್ಲದೆ, ಲಿನಕ್ಸ್‌ನ ‘ಕಪ್ಸ್’ ಮುದ್ರಣ ವ್ಯವಸ್ಥೆಯೊಡನೆ ನೇರವಾಗಿ ಮಾತನಾಡುತ್ತವೆ. ಪುಟದ ಚಿತ್ರಣವನ್ನೆಲ್ಲ ಕಂಪ್ಯೂಟರಿಗೇ ಬಿಟ್ಟು, ತಮ್ಮದೇ ಗುಪ್ತ ಭಾಷೆಯಲ್ಲಿ ದತ್ತಾಂಶ ಕೇಳುವ ಅಗ್ಗದ ಹಳೆಯ ಲೇಸರ್ ಪ್ರಿಂಟರುಗಳ ವಿಷಯದಲ್ಲಿ ಎಚ್ಚರವಿರಲಿ. ಸಾಧ್ಯವಾದರೆ ಲಿನಕ್ಸ್‌ನ ಲೈವ್ ಪೆನ್‌ಡ್ರೈವ್ (ಅನುಸ್ಥಾಪಿಸದೆಯೇ ಲಿನಕ್ಸ್ ಓಡಿಸಬಲ್ಲದ್ದು) ಒಯ್ದು, ಅಂಗಡಿಯಲ್ಲೇ ಒಂದು ಕನ್ನಡ ಪುಟವನ್ನು ಮುದ್ರಿಸಿ ನೋಡಿದ ಬಳಿಕ ಹಣ ಕೊಡಿ.