ಐನೂರು ಅಡಿಗೆ ಇಳಿದದ್ದು ಯಾಕೆ?

ಕಾಸರಗೋಡಿನ ಪೆರ್ಲದ ಹತ್ತಿರದ ನಿವೃತ್ತ ಗಣಿತ ಅಧ್ಯಾಪಕರೊಬ್ಬರ ಪತ್ರದ ಸಾರ ಇದು: ಅಡಿಕೆ ತೋಟಕ್ಕೆ ನೀರು ಸಾಲದೆ ಮಾರ್ಚ್‌ನಲ್ಲಿ ಬೋರ್ ಹಾಕಿಸಿದೆ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು, ಅದು ಎದ್ದು ನಿಂತಲ್ಲಿ ನೀರಿದೆ ಎಂದು ನೀರು ನೋಡುವವರೊಬ್ಬರು ಪಾಯಿಂಟ್ ಕೊಟ್ಟಿದ್ದರು. 250 ಅಡಿಗೆ ನೀರು ಗ್ಯಾರಂಟಿ ಎಂದಿದ್ದರು. 520 ಅಡಿ ಇಳಿದರೂ ಬಂದದ್ದು ಬರೀ ಹುಡಿ. ಅಜ್ಜನ ಕಾಲದಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ ಈಗಲೂ ಬೆರಳು ದಪ್ಪ ನೀರಿದೆ, ಅದು ಏನಕ್ಕೂ ಸಾಲದು. ಇಷ್ಟು ವರ್ಷ ಲೆಕ್ಕ ಕಲಿಸಿದ ನಾನು ಇದನ್ನು ಹೇಗೆ ನಂಬಿದೆ? ‘ನನಗೆ ಆಗಲೇ ಗೊತ್ತಿತ್ತು’ ಅನ್ನುತ್ತಾಳೆ ಮನೆಯವಳು. ಈಗ ಅವರೇ ಇನ್ನೊಂದು ಪಾಯಿಂಟ್ ತೋರಿಸಿದ್ದಾರೆ. ಹಾಕಿಸಲಾ?

ಮಾಷ್ಟ್ರೇ,

ನಂಬಿದ್ದಕ್ಕೆ ನಿಮ್ಮನ್ನು ನೀವು ಅಷ್ಟು ಬೈದುಕೊಳ್ಳಬೇಡಿ. ನೆರೆಕರೆಯ ಮೂರು ಮನೆಗಳಿಗೆ ಅವರೇ ತೋರಿಸಿದ ಜಾಗದಲ್ಲಿ ನೀರು ಸಿಕ್ಕಿದೆ ಎಂದು ಬರೆದಿದ್ದೀರಿ. ಯಾರಾದರೂ ನಂಬುತ್ತಾರೆ. ಆದರೆ ನಮ್ಮದು ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು. ಕಣ್ಣು ಮುಚ್ಚಿ ಕಲ್ಲೆಸೆದು, ಅದು ಬಿದ್ದಲ್ಲಿ ಕೊರೆದರೂ ಕೆಲವರಿಗೆ ನೀರು ಸಿಗುತ್ತದೆ. ನಿಜವಾಗಿ ಕೇಳಬೇಕಾದದ್ದು ಬೇರೆ: ಅವರು ‘ಇಲ್ಲಿ ನೀರಿಲ್ಲ’ ಎಂದ ಜಾಗದಲ್ಲಿ ಯಾರಾದರೂ ಕೊರೆದು ನೋಡಿದ್ದಾರಾ? ಯಾರು ಕೊರೆಯುತ್ತಾರೆ ಹೇಳಿ! ಹಾಗಾಗಿ ಲೆಕ್ಕದ ಅರ್ಧ ಪುಟ ಯಾವಾಗಲೂ ಖಾಲಿ.

ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ 1960ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನಿಮಗೆ ಇಷ್ಟವಾಗಬಹುದು. 2, 4, 6 ಎಂಬ ಸಂಖ್ಯೆಗಳು ಒಂದು ನಿಯಮದಂತೆ ಇವೆ. ನೀವೂ ಮೂರು ಮೂರು ಸಂಖ್ಯೆ ಹೇಳಿ, ನಿಯಮಕ್ಕೆ ಹೊಂದುತ್ತದೋ ಇಲ್ಲವೋ ಎಂದು ಅವರು ಹೇಳುತ್ತಾರೆ. ಖಾತ್ರಿಯಾದ ಮೇಲೆ ನಿಯಮ ಹೇಳಬೇಕು. ‘ಎರಡೆರಡು ಕೂಡುತ್ತಾ ಹೋಗುವುದು’ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದವರು 8, 10, 12 ಎನ್ನುತ್ತಾರೆ. ಹೌದು ಎಂಬ ಉತ್ತರ. 20, 22, 24. ಅದಕ್ಕೂ ಹೌದು. ಆದರೆ ನಿಯಮ ಇದ್ದದ್ದು ಇಷ್ಟೇ: ಸಂಖ್ಯೆಗಳು ಏರುತ್ತಾ ಹೋಗಬೇಕು. 1, 2, 3 ಎಂದು ಒಮ್ಮೆ ಕೇಳಿದ್ದರೆ ಎರಡೆರಡರ ಊಹೆ ಅಲ್ಲೇ ಬಿದ್ದುಹೋಗುತ್ತಿತ್ತು. 29 ಜನರಲ್ಲಿ ಮೊದಲ ಸಲಕ್ಕೇ ಸರಿ ಹೇಳಿದವರು 6 ಮಂದಿ.

ಕಾಯಿ ಎದ್ದು ನಿಂತದ್ದು ಮೋಸ ಎಂದೂ ನಾನು ಹೇಳುವುದಿಲ್ಲ. ನಮಗೆ ಗೊತ್ತಿಲ್ಲದೆಯೇ ನಮ್ಮ ಸ್ನಾಯುಗಳು ಅಲುಗುತ್ತವೆ ಎಂದು ಇಂಗ್ಲೆಂಡಿನ ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿದ್ದರು. ಹಿಡಿದವರಿಗೂ ಕಾಯಿ ತಾನಾಗಿ ಎದ್ದ ಹಾಗೆಯೇ ಅನಿಸುತ್ತದೆ.

ನನ್ನ ಮಟ್ಟಿಗೆ ನಿಮ್ಮ ದೊಡ್ಡ ತಪ್ಪು ಆದದ್ದು 250 ಅಡಿ ದಾಟಿದ ಮೇಲೆ. ನಮ್ಮ ಭಾವನ ತೋಟದಲ್ಲಿ ನಾನೂ ಒಂದು ರಾತ್ರಿ ಹಾಗೆ ನಿಂತಿದ್ದೆ. ತಿರುಚೆಂಗೋಡಿನ ಲಾರಿ. ಕಂಪ್ರೆಸರಿನ ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಅಡಿಕೆ ಸೋಗೆಯ ಮೇಲೆಲ್ಲಾ ಬಿಳಿ ಹುಡಿ. 300 ಅಡಿಗೆ ಹುಡಿ ಸ್ವಲ್ಪ ಒದ್ದೆಯಾಯಿತು. ಭಾವ ಅದನ್ನು ಉಂಡೆ ಕಟ್ಟಿ, ಟಾರ್ಚ್ ಹಿಡಿದು, ಮೂಸಿಯೂ ನೋಡಿದರು. ಆಮೇಲೆ ಮತ್ತೆ ಒಣಗಿತು. ಲಾರಿಯ ಹುಡುಗ ಬಂದು ‘ಅಣ್ಣಾ, ಇನ್ನೊಂದು ರಾಡ್?’ ಎಂದು ಕೇಳಿದ. ಒಂದು ರಾಡ್ ಎಂದರೆ 20 ಅಡಿ. ‘ಇಷ್ಟು ದುಡ್ಡು ಹಾಕಿ ಈಗ ನಿಲ್ಲಿಸುವುದಾ’ ಎಂದದ್ದು ಭಾವನಲ್ಲ, ನಾನು! ಹೋದ ದುಡ್ಡು ನಿಲ್ಲಿಸಿದರೂ ವಾಪಸ್ ಬರುವುದಿಲ್ಲ, ಇಳಿಸಿದರೂ ಬರುವುದಿಲ್ಲ. ಮುಂದಿನ 20 ಅಡಿಯಲ್ಲಿ ನೀರು ಸಿಗುವ ಲಕ್ಷಣ ಇದೆಯಾ ಎಂಬುದಷ್ಟೇ ಪ್ರಶ್ನೆ. ಅದನ್ನು ನಾವು ಯಾರೂ ಕೇಳಲಿಲ್ಲ.

ಇದರ ಮೇಲೆ ಆರ್ಕ್ಸ್ ಮತ್ತು ಬ್ಲೂಮರ್ ಎಂಬಿಬ್ಬರು 1985ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಒಂದು ನಾಟಕಶಾಲೆಯಲ್ಲಿ ವರ್ಷದ ಟಿಕೆಟ್ ಕೊಳ್ಳಲು ಬಂದ ಕೆಲವರಿಗೆ, ಯಾರೆಂದು ನೋಡದೆ, ರಿಯಾಯಿತಿ ಕೊಟ್ಟರು. ನಾಟಕ ಅವೇ, ಕುರ್ಚಿ ಅವೇ. ಆದರೆ ವರ್ಷದ ಮೊದಲರ್ಧದಲ್ಲಿ ಪೂರ್ತಿ ದುಡ್ಡು ಕೊಟ್ಟವರೇ ಜಾಸ್ತಿ ನಾಟಕ ನೋಡಿದರು.

‘ನನಗೆ ಆಗಲೇ ಗೊತ್ತಿತ್ತು’ ಎಂದ ನಿಮ್ಮ ಮನೆಯ ಅಕ್ಕ ಸಿಟ್ಟಾಗಬಾರದು, ಅವರದ್ದೂ ಇದೇ ಜಾತಿಯ ಮಾತು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗ್‌ಗೆ, ಮಾಸ್ಕೋಗೆ ಹೋಗುವ ಮೊದಲು ಬರೂಕ್ ಫಿಶ್‌ಹಾಫ್ ಮತ್ತು ರೂತ್ ಬೇತ್ ಎಂಬವರು ಇಸ್ರೇಲಿನ ವಿದ್ಯಾರ್ಥಿಗಳಿಂದ ಏನೇನು ನಡೆಯಬಹುದು ಎಂದು ಬರೆಸಿಕೊಂಡಿದ್ದರು. ಪ್ರವಾಸ ಮುಗಿದ ಮೇಲೆ, ನೀವು ಆಗ ಏನು ಬರೆದಿದ್ದಿರಿ ಎಂದು ಕೇಳಿದರು. ನಡೆದುಹೋದ ಸಂಗತಿಗಳನ್ನು ತಾವು ಮೊದಲೇ ಗಟ್ಟಿಯಾಗಿ ಊಹಿಸಿದ್ದಾಗಿ ಹೆಚ್ಚಿನವರಿಗೆ ನೆನಪಾಯಿತು. ಅವರೇ ಬರೆದ ಕಾಗದ ಹಾಗೆ ಹೇಳುತ್ತಿರಲಿಲ್ಲ. ಅಂದು ರಾತ್ರಿ ಲಾರಿಯವರಿಗೆ ಚಹಾ ಮಾಡಿಕೊಟ್ಟವರು ಅಕ್ಕನೇ ಅಲ್ವಾ?

ಇನ್ನು ಹೊಸ ಪಾಯಿಂಟ್. ನೀರು ನೋಡುವವರ ಕಣ್ಣಿಗೆ ಬಟ್ಟೆ ಕಟ್ಟಿ, ನಾಲ್ಕು ಸುತ್ತು ತಿರುಗಿಸಿ, ಅದೇ ಜಾಗವನ್ನು ಇನ್ನೊಮ್ಮೆ ಹುಡುಕಲು ಹೇಳಿ. ಒಪ್ಪದಿದ್ದರೆ ಅಲ್ಲಿಗೆ ಬಿಡಿ. ಏನೇ ಆದರೂ ಬೋರ್ ಹಾಕಿಸಿಯೇ ಸಿದ್ಧ ಅಂತಾದರೆ, ಲಾರಿ ಬರುವ ಮೊದಲೇ, ಹಗಲಲ್ಲಿ, ಎಷ್ಟು ಅಡಿಗೆ ನಿಲ್ಲಿಸುವುದು ಎಂದು ಒಂದು ಚೀಟಿಯಲ್ಲಿ ಬರೆದು ಅಕ್ಕನ ಕೈಗೆ ಕೊಡಿ. ಆ ರಾತ್ರಿ ಹುಡುಗನಿಗೆ ಉತ್ತರ ಹೇಳುವುದು ಅವರ ಕೆಲಸ.

ಒಂದು ಮಾತು ಕೇಳಲೇಬೇಕು. ಸುರಂಗದ ಬಗ್ಗೆ ಪತ್ರದಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಬೆರಳು ದಪ್ಪದ ನೀರು ಇಪ್ಪತ್ತನಾಲ್ಕು ಗಂಟೆ ಬಿದ್ದರೆ ಎಷ್ಟು ಲೀಟರ್ ಆಗುತ್ತದೆ, ಒಂದು ಕೊಡಪಾನ ಇಟ್ಟು ಅಳೆದಿದ್ದೀರಾ? ಒಳಗಿನ ಹೂಳು ಕೊನೆಗೆ ತೆಗೆಸಿದ್ದು ಯಾವಾಗ?